ಅನ್ನ ಉಂಟು, ಪಾಲಿಲ್ಲ

ಬೈಬಲ್ಲಿನಲ್ಲಿ ಯಾಜಕಕಾಂಡ ಅಂತ ಒಂದು ಪುಸ್ತಕವಿದೆ. ಅದರ 21ನೇ ಅಧ್ಯಾಯದಲ್ಲಿ ಪೂಜೆ ಮಾಡುವವನು ಯಾರಾಗಬಹುದು, ಯಾರಾಗಕೂಡದು ಎಂಬ ಪಟ್ಟಿ ಕೊಟ್ಟಿದ್ದಾರೆ. ಆರೋನನ ವಂಶದಲ್ಲಿ ಹುಟ್ಟಿದವನಿಗೆ ಮಾತ್ರ ಆ ಹಕ್ಕು. ಹುಟ್ಟಿನ ಈ ಮಾತು ನಮಗೇನೂ ಹೊಸದಲ್ಲ ಬಿಡಿ. ಆದರೆ ಆ ವಂಶದಲ್ಲೇ ಹುಟ್ಟಿದ್ದರೂ ಕುರುಡನಾಗಿದ್ದರೆ, ಕುಂಟನಾಗಿದ್ದರೆ, ಮುಖ ವಿಕಾರವಾಗಿದ್ದರೆ, ಕೈಯೋ ಕಾಲೋ ಮುರಿದಿದ್ದರೆ, ಬೆನ್ನು ಗೂನಾಗಿದ್ದರೆ, ಮೈಯಲ್ಲಿ ಕಜ್ಜಿ ಇದ್ದರೆ, ಬೀಜ ಜಜ್ಜಿಹೋಗಿದ್ದರೆ ಅವನು ಬಲಿಪೀಠದ ಹತ್ತಿರ ಸುಳಿಯಕೂಡದು. ಸುಳಿದರೆ ಪವಿತ್ರಸ್ಥಾನ ಮೈಲಿಗೆಯಾಗುತ್ತದೆ. ಇಷ್ಟು ಹೇಳಿ, ಅದೇ ಅಧ್ಯಾಯ ಒಂದು ದಯೆಯನ್ನೂ ತೋರಿಸುತ್ತದೆ. ದೇವರಿಗೆ ಅರ್ಪಿಸಿದ ಆಹಾರವನ್ನು ಅವನು ಉಣ್ಣಬಹುದಂತೆ.

ಈಗ ಮನುಸ್ಮೃತಿಯ 9ನೇ ಅಧ್ಯಾಯ ತೆಗೆಯಿರಿ. 201ನೇ ಶ್ಲೋಕ. ಕ್ಲೀಬ, ಪತಿತ, ಹುಟ್ಟು ಕುರುಡ, ಕಿವುಡ, ಹುಚ್ಚ, ಮಂದಮತಿ, ಮೂಗ, ಅಂಗ ಊನವಾದವನು, ಇವರಿಗೆ ಯಾರಿಗೂ ಆಸ್ತಿಯಲ್ಲಿ ಪಾಲಿಲ್ಲ. ಮುಂದಿನ ಶ್ಲೋಕದಲ್ಲೇ ದಯೆ: ಇವರಿಗೆ ಅನ್ನ, ಬಟ್ಟೆ ಕೊಡತಕ್ಕದ್ದು. ಎರಡು ಗ್ರಂಥಗಳೂ ಹುಟ್ಟಿದ್ದು ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ದೇವರ ಹೆಸರಲ್ಲಿ. ಆದರೂ ಪಟ್ಟಿ ಹೆಚ್ಚುಕಡಿಮೆ ಒಂದೇ, ದಯೆಯೂ ಒಂದೇ. ಅನ್ನ ಉಂಟು, ಪಾಲಿಲ್ಲ. ಹಿತ್ತಲಲ್ಲಿ ಬಗ್ಗಿ ನಿಂತು, ಬೊಗಸೆಯೊಡ್ಡಿ, ಮೇಲಿನಿಂದ ನೀರು ಹುಯ್ಯಿಸಿಕೊಂಡು ಕುಡಿದ ಜನಕ್ಕೆ ಈ ದಯೆಯ ರುಚಿ ಎಂಥದು ಅಂತ ಗೊತ್ತು. ಮನುವಿನ ಆ ಪಟ್ಟಿಯ ಬಾಲ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಮು ಬರುವವರೆಗೂ ಈ ದೇಶದ ಕಾನೂನಿನಲ್ಲಿ ಅಲ್ಲಾಡುತ್ತಲೇ ಇತ್ತು.

ಯಾಜಕಕಾಂಡದ ಪಟ್ಟಿಯನ್ನು ಅದರೊಳಗಿನ ಜನರೇ ಎದ್ದು ನಿಂತು ಓದಿದರೆ ಏನಾಗುತ್ತದೆ? ಕಳೆದ ಮೂವತ್ತು ವರ್ಷಗಳಲ್ಲಿ ಕ್ರೈಸ್ತ ದೇವಶಾಸ್ತ್ರದೊಳಗೆ ಆ ಕೆಲಸ ನಡೆದಿದೆ. ಅಂಗವಿಕಲರು ಒಂದು ಕಡೆಯಿಂದ, ಇಂಟರ್‌ಸೆಕ್ಸ್ ದೇಹದವರು ಇನ್ನೊಂದು ಕಡೆಯಿಂದ ಗ್ರಂಥವನ್ನು ಕೈಗೆತ್ತಿಕೊಂಡಿದ್ದಾರೆ. ನಾಲ್ಕು ಬರಹಗಳನ್ನು ಇಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ನ್ಯಾನ್ಸಿ ಈಸ್‌ಲಂಡ್ ಬರೆದ 'ದಿ ಡಿಸೇಬಲ್ಡ್ ಗಾಡ್' (1994), ಸ್ಯಾಲಿ ಗ್ರಾಸ್ 1999ರಲ್ಲಿ ಬರೆದ 'ಇಂಟರ್‌ಸೆಕ್ಷುಯಾಲಿಟಿ ಅಂಡ್ ಸ್ಕ್ರಿಪ್ಚರ್' ಎಂಬ ಪ್ರಬಂಧ, ಸುಸಾನಾ ಕಾರ್ನ್‌ವಾಲ್ ಅವರ 'ಸೆಕ್ಸ್ ಅಂಡ್ ಅನ್‌ಸರ್ಟನ್ಟಿ ಇನ್ ದಿ ಬಾಡಿ ಆಫ್ ಕ್ರೈಸ್ಟ್' (2010), ಮೇಗನ್ ಡಿಫ್ರಾಂಜಾ ಅವರ 'ಸೆಕ್ಸ್ ಡಿಫರೆನ್ಸ್ ಇನ್ ಕ್ರಿಶ್ಚಿಯನ್ ಥಿಯಾಲಜಿ' (2015). ದೇವರು ಇದ್ದಾನೋ ಇಲ್ಲವೋ ಎಂಬ ಜಗಳ ಇಲ್ಲಿ ಬೇಡ. ದೇವರ ಹೆಸರಲ್ಲಿ ದೇಹಗಳಿಗೆ ಏನು ಮಾಡಿದರು, ಆ ದೇಹಗಳು ತಿರುಗಿ ಏನು ಹೇಳುತ್ತಿವೆ, ಅಷ್ಟು ನೋಡೋಣ.

*

ಈಸ್‌ಲಂಡ್ ಹುಟ್ಟಿದ್ದು 1964ರಲ್ಲಿ, ಅಮೆರಿಕದಲ್ಲಿ. ಹುಟ್ಟುವಾಗಲೇ ಸೊಂಟದ ಮೂಳೆಯಲ್ಲಿ ದೋಷ. ಹದಿಮೂರು ತುಂಬುವಷ್ಟರಲ್ಲಿ ಹನ್ನೊಂದು ಸಲ ಕೊಯ್ಸಿಕೊಂಡ ಮೈ ಅದು. ಸುತ್ತಲಿನ ಭಕ್ತರು ಆಕೆಗೆ ಸಮಾಧಾನ ಹೇಳುತ್ತಿದ್ದರು: ಚಿಂತೆ ಮಾಡಬೇಡ, ಸ್ವರ್ಗದಲ್ಲಿ ನೀನು ಸರಿಹೋಗುತ್ತೀಯೆ. ಆಕೆಗೆ ಆ ಸಮಾಧಾನವೇ ಗಾಯವಾಗಿ ಕಂಡಿತು. ಈ ದೇಹವಿಲ್ಲದೆ ಹೋದರೆ ತನ್ನನ್ನು ತಾನೇ ಗುರುತಿಸಲಾರೆ, ಬಹುಶಃ ದೇವರೂ ಗುರುತಿಸಲಾರ ಅಂತ ಆಕೆ ಬರೆದರು. ಈ ಮಾತಿನ ಧೈರ್ಯವನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಮುಂದಿನ ಜನ್ಮದಲ್ಲಿ ಮೇಲ್ಜಾತಿಯಲ್ಲಿ ಹುಟ್ಟುತ್ತೀಯೆ, ಈಗ ಸುಮ್ಮನಿರು ಅಂದವರಿಗೆ, ನನಗೆ ಆ ಹುಟ್ಟೇ ಬೇಡ ಹೋಗ್ರೀ ಅಂದ ಹಾಗೆ ಇದು.

ಪುಸ್ತಕದ ತಿರುಳು ಒಂದೇ ಒಂದು ಚಿತ್ರ. ಸತ್ತು ಎದ್ದ ಯೇಸು ಶಿಷ್ಯರ ಎದುರು ಬಂದು ನಿಂತಾಗ ತನ್ನ ಗುರುತಿಗೆ ಏನು ತೋರಿಸಿದ? ಹೊಳೆಯುವ ಮುಖವನ್ನಲ್ಲ. ಮೊಳೆ ಹೊಡೆದ ಕೈಕಾಲು ತೋರಿಸಿದ, ಈಟಿ ಇರಿದ ಪಕ್ಕೆ ತೋರಿಸಿದ. ಅಂದರೆ ಪುನರುತ್ಥಾನವಾದ ದೇಹವೂ ಊನವಾದ ದೇಹವೇ. ಸಾವನ್ನು ಗೆದ್ದ ದೇವರು ಗಾಯವನ್ನು ಅಳಿಸಿಕೊಳ್ಳಲಿಲ್ಲ. ಹಾಗಿದ್ದ ಮೇಲೆ ಊನವನ್ನು ಪಾಪದ ಫಲ ಅನ್ನುವವರು ಯಾರ ದೇಹದ ಬಗ್ಗೆ ಮಾತಾಡುತ್ತಿದ್ದಾರೆ? ಅಟ್ಲಾಂಟಾದ ಒಂದು ಪುನರ್ವಸತಿ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದುಕೊಂಡವರ ಜೊತೆ ಈಸ್‌ಲಂಡ್ ಬೈಬಲ್ ಓದುತ್ತಿದ್ದರು. ದೇವರು ನಿಮ್ಮ ಜೊತೆ ಇದ್ದಾನೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಾಗ ಒಬ್ಬ ಕರಿಯ ಯುವಕ ಕೊಟ್ಟ ಉತ್ತರವೇ ಈ ಪುಸ್ತಕಕ್ಕೆ ಬೀಜ. ಬಾಯಿಂದ ಊದಿ, ಎಳೆದು ನಡೆಸುವ ಗಾಲಿಕುರ್ಚಿಯಲ್ಲಿ ದೇವರೂ ಕೂತಿದ್ದರೆ ಅವನಿಗೆ ಅರ್ಥವಾದೀತು ಎಂಬ ಅರ್ಥದ ಮಾತು ಅದು. ದೊಡ್ಡ ದೊಡ್ಡ ದೇವಶಾಸ್ತ್ರಜ್ಞರು ಸಾವಿರ ಪುಟದಲ್ಲಿ ಹೇಳದ್ದನ್ನು ಆ ಹುಡುಗ ಒಂದು ಉಸಿರಲ್ಲಿ ಹೇಳಿದ.

ಊನವನ್ನು ನೋಡುವ ಸಭೆಯ ಕಣ್ಣಿಗೆ ಮೂರು ಪೊರೆಗಳಿವೆ ಅಂತ ಈಸ್‌ಲಂಡ್ ತೋರಿಸುತ್ತಾರೆ. ಊನ ಅಂದರೆ ಪಾಪ, ಊನವನ್ನು ಸಹಿಸಿಕೊಳ್ಳುವುದೇ ಪುಣ್ಯ, ಊನವಾದವರು ದಾನಕ್ಕೆ ಪಾತ್ರರು. ನಮ್ಮ ಮಾತಿನಲ್ಲಿ ಹೇಳಿದರೆ ಕರ್ಮ, ತಾಳ್ಮೆ, ಧರ್ಮದ ಮುಷ್ಟಿ ಅಕ್ಕಿ. ಮೊದಲನೆಯದಕ್ಕೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲೇ ಸಾಕ್ಷಿ ಇದೆ. ಹುಟ್ಟು ಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುತ್ತಾರೆ, ಇವನು ಪಾಪ ಮಾಡಿದನೋ, ಇವನ ಅಪ್ಪ ಅಮ್ಮನೋ ಅಂತ. ಮನುಸ್ಮೃತಿಯ 11ನೇ ಅಧ್ಯಾಯವನ್ನು ಕೇಳಿದ್ದರೆ ತಟ್ಟನೆ ಉತ್ತರ ಸಿಗುತ್ತಿತ್ತು: ಹಿಂದಿನ ಪಾಪ ಉಳಿದಿದ್ದರಿಂದಲೇ ಕುರುಡರು, ಮೂಗರು, ಕಿವುಡರು ಹುಟ್ಟುತ್ತಾರೆ ಅಂತ ಅಲ್ಲಿ ಬರೆದಿಟ್ಟಿದ್ದಾರೆ. ಯೇಸು ಇಬ್ಬರೂ ಪಾಪ ಮಾಡಿಲ್ಲ ಅನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ದೇವರ ಕೆಲಸ ಇವನಲ್ಲಿ ತೋರಿಬರಲಿ ಅಂತ ಹೀಗಾಯಿತು ಎಂದು ಸೇರಿಸುತ್ತಾನೆ. ಕುರುಡ ಮತ್ತೆ ಇನ್ನೊಬ್ಬರ ಮಹಿಮೆಗೆ ಕನ್ನಡಿ.

ಈ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಊಟದ ಪಂಕ್ತಿಯ ಪ್ರಸಂಗ. ಚರ್ಚಿನಲ್ಲಿ ಕರ್ತನ ಭೋಜನದ ಹೊತ್ತಿಗೆ ಎಲ್ಲರೂ ಎದ್ದು ಪೀಠದ ಕಟಕಟೆಯವರೆಗೆ ಹೋಗಿ ಮಂಡಿಯೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಗಾಲಿಕುರ್ಚಿಯವರು, ಊರುಗೋಲಿನವರು ಹೋಗಲಾರರು. ನೀವು ಕೂತಲ್ಲೇ ಇರಿ, ಎಲ್ಲರದ್ದೂ ಆದ ಮೇಲೆ ನಿಮ್ಮ ಹತ್ತಿರ ತರುತ್ತೇವೆ ಅನ್ನುತ್ತಾರೆ. ಎಲ್ಲರ ಪಾಲಿಗೆ ಅದು ಕೂಡಿ ಉಣ್ಣುವ ಊಟ, ಆಕೆಯ ಪಾಲಿಗೆ ಒಂಟಿ ಊಟ. ಕೊಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಆದರೆ ಕೊನೆಯ ಪಂಕ್ತಿ, ಬೇರೆ ಪಂಕ್ತಿ ಅಂದರೇನು ಅಂತ ಈ ಪತ್ರಿಕೆಯ ಓದುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಸಾವಿರ ವರ್ಷ ಕಳೆದು ಸಮುದ್ರ ದಾಟಿ ಬಂದರೂ ಅದೇ ಯಾಜಕಕಾಂಡ: ಆಹಾರ ಕೊಡುತ್ತೇವೆ, ಪೀಠದ ಹತ್ತಿರ ಬರಬೇಡ.

ಕಾನೂನಿನಲ್ಲೂ ಅದೇ ಕತೆ. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಸರ್ಕಾರಿ ಕಟ್ಟಡವೊಂದರೊಳಗೆ ನುಗ್ಗಿ ಮೂರು ವಾರ ದಾಟಿ ಅಲ್ಲೇ ಧರಣಿ ಕೂತರು. ಅವರಿಗೆ ದಿನವೂ ಬಿಸಿ ಊಟ ತಂದುಕೊಟ್ಟವರು ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. (ನಮ್ಮ ದಲಿತ್ ಪ್ಯಾಂಥರ್ಸ್ ಹೆಸರು ಎಲ್ಲಿಂದ ಬಂತು ಎಂಬುದನ್ನು ನೆನೆಯಿರಿ.) 1990ರ ಮಾರ್ಚಿಯಲ್ಲಿ ವಾಷಿಂಗ್‌ಟನ್ನಿನ ಸಂಸತ್ ಭವನದ ಮೆಟ್ಟಿಲುಗಳನ್ನು ಅಂಗವಿಕಲರು ಗಾಲಿಕುರ್ಚಿ ಬಿಟ್ಟು ತೆವಳಿಕೊಂಡು ಹತ್ತಿದರು. ಆ ವರ್ಷ ಕಾಯಿದೆ ಬಂತು. ಅಂಗಡಿ, ಹೋಟೆಲು, ಸಿನಿಮಾ ಮಂದಿರ ಎಲ್ಲಕ್ಕೂ ಇಳಿಜಾರು ದಾರಿ ಇರಬೇಕು ಅಂತಾಯಿತು. ಬಿಟ್ಟದ್ದು ಯಾರನ್ನು? ಧಾರ್ಮಿಕ ಸಂಸ್ಥೆಗಳನ್ನು. ಹೋಟೆಲಿನ ಬಾಗಿಲು ಕಾನೂನಿಗೆ ಹೆದರಿ ತೆರೆಯಿತು. ದೇವರ ಮನೆಯ ಮೆಟ್ಟಿಲು ಹಾಗೇ ಉಳಿಯಿತು.

ಇಷ್ಟಾದರೂ ಈಸ್‌ಲಂಡ್ ಅವರ ಚಿತ್ರಕ್ಕೆ ಒಂದು ಮಿತಿ ಇದೆ. ಮೊಳೆಯ ಗಾಯ ರಾಜ್ಯಾಧಿಕಾರ ಕೊಟ್ಟ ಗಾಯ. ರೋಮಿನ ಸಿಪಾಯಿ ಹೊಡೆದದ್ದು. ಅದರ ಹಿಂದೆ ಒಬ್ಬ ಅಪರಾಧಿ ಇದ್ದಾನೆ. ಹುಟ್ಟಿನಿಂದಲೇ ಬಂದ ಊನದ ಹಿಂದೆ ಅಪರಾಧಿ ಯಾರು? ಗಾಯ ಎಂಬ ಒಂದೇ ಬೀಗದ ಕೈಯಿಂದ ಎಲ್ಲ ದೇಹಗಳ ಬಾಗಿಲನ್ನೂ ತೆರೆಯಲು ಹೋದರೆ, ಹುಟ್ಟಿದ ಹಾಗೇ ಇರುವ ದೇಹವನ್ನೂ ಪೆಟ್ಟು ತಿಂದ ದೇಹ ಅಂದ ಹಾಗಾಗುತ್ತದೆ. ಇನ್ನೊಂದು ಮಾತು. ಗಾಯವಿದ್ದರೂ ಆ ಯೇಸು ಎಮ್ಮಾಹುವಿನ ದಾರಿಯಲ್ಲಿ ಮೈಲಿಗಟ್ಟಲೆ ನಡೆಯುತ್ತಾನೆ, ಮುಚ್ಚಿದ ಬಾಗಿಲು ದಾಟಿ ಒಳಗೆ ಬರುತ್ತಾನೆ. ಮೆಟ್ಟಿಲು ಹತ್ತಲಾರದವನ ಕಷ್ಟ ಅವನಿಗಿಲ್ಲ. ಕಣ್ಣು ಕಳೆದುಕೊಂಡ ದೇವಶಾಸ್ತ್ರಜ್ಞ ಜಾನ್ ಹಲ್ ಈ ತಕರಾರನ್ನು ನೇರವಾಗಿ ಯೇಸುವಿಗೇ ಹಾಕಿದರು. ಕುರುಡು ಶಿಷ್ಯ ಕಣ್ಣಿರುವ ರಕ್ಷಕನಿಗೆ ಬರೆದ ಬಹಿರಂಗ ಪತ್ರ ಅದು. ಫರಿಸಾಯರನ್ನು ಬೈಯುವಾಗ ಕುರುಡರೇ, ಕುರುಡರೇ ಅಂತ ಬೈದೆಯಲ್ಲ, ನಮ್ಮನ್ನು ಯಾಕೆ ಬೈಗುಳ ಮಾಡಿಕೊಂಡೆ ಎಂಬುದು ಅದರ ತಕರಾರು.

ಇದನ್ನು ಓದಿ ನಗುವ ಮುಂಚೆ ನಮ್ಮ ವೇದಿಕೆಗಳ ಕಡೆ ತಿರುಗಿ ನೋಡಬೇಕು. ಪುರೋಹಿತಶಾಹಿಯನ್ನು ಬೈಯುವಾಗ ಕುರುಡು ಸಂಪ್ರದಾಯ, ಸರ್ಕಾರವನ್ನು ಬೈಯುವಾಗ ಷಂಡ ಸರ್ಕಾರ, ಸುಮ್ಮನಿರುವ ಬುದ್ಧಿಜೀವಿಗಳನ್ನು ಬೈಯುವಾಗ ನಪುಂಸಕರು. ಬಂಡಾಯದ ಭಾಷಣದಲ್ಲಿ ಈ ಮೂರು ಬೈಗುಳಕ್ಕೆ ಬಿದ್ದಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬಿದ್ದಿಲ್ಲ. ಜಾತಿಯ ಹೆಸರನ್ನು ಬೈಗುಳ ಮಾಡಿದವರ ವಿರುದ್ಧ ಎದ್ದ ಚಳುವಳಿ, ದೇಹದ ಹೆಸರನ್ನು ಬೈಗುಳ ಮಾಡುವುದನ್ನು ಯಾವ ನ್ಯಾಯದಿಂದ ಇಟ್ಟುಕೊಂಡಿದೆ?

*

ಇನ್ನು ಇಂಟರ್‌ಸೆಕ್ಸ್ ಮಾತು. ವರ್ಣತಂತು, ಗ್ರಂಥಿ, ಹಾರ್ಮೋನು, ಹೊರಗೆ ಕಾಣುವ ಅಂಗ, ಇವುಗಳಲ್ಲಿ ಯಾವುದೋ ಒಂದೋ ಹಲವೋ ಹುಟ್ಟಿನಿಂದಲೇ ಗಂಡು, ಹೆಣ್ಣು ಎಂಬ ಎರಡು ಅಚ್ಚಿಗೂ ಪೂರ್ತಿ ಕೂರದ ದೇಹ. ಕೆಲವರಿಗೆ ಹುಟ್ಟಿದ ದಿನವೇ ಗೊತ್ತಾಗುತ್ತದೆ, ಕೆಲವರಿಗೆ ವಯಸ್ಸಿಗೆ ಬಂದಾಗ, ಕೆಲವರಿಗೆ ಸಾಯುವವರೆಗೂ ಗೊತ್ತಾಗುವುದೇ ಇಲ್ಲ. ಎಷ್ಟು ಜನ ಎಂಬುದು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದರ ಮೇಲೆ ಹೋಗುತ್ತದೆ. 2000ದಲ್ಲಿ ಆನ್ ಫಾಸ್ಟೊ ಸ್ಟರ್ಲಿಂಗ್ ಮತ್ತು ಸಂಗಡಿಗರು ಎಲ್ಲ ಬಗೆಯನ್ನೂ ಸೇರಿಸಿ ನೂರಕ್ಕೆ 1.7 ಅಂದರು. 2002ರಲ್ಲಿ ಲಿಯೊನಾರ್ಡ್ ಸ್ಯಾಕ್ಸ್ ಜರಡಿ ಹಿಡಿದು ಸುಮಾರು ಐದೂವರೆ ಸಾವಿರಕ್ಕೆ ಒಬ್ಬರು ಅಂದರು. ಈ ಎರಡನೆಯ ಲೆಕ್ಕವನ್ನೇ ಒಪ್ಪಿದರೂ ಸಣ್ಣ ಪಟ್ಟಣವೊಂದರಲ್ಲಿ ಐದಾರು ಜನ ಸಿಗುತ್ತಾರೆ. ಹಿಜಡಾ, ಜೋಗತಿ ಸಮುದಾಯಗಳ ವಿಷಯ ಬೇರೆ. ಅವರೊಳಗೂ ಇಂಥ ದೇಹದವರು ಇರಬಹುದು, ಆದರೆ ಎರಡನ್ನೂ ಒಂದೇ ಮೂಟೆಗೆ ಕಟ್ಟಬಾರದು.

ಮೇಷ್ಟ್ರುಗಳಿಗೆ ಒಂದು ಮಾತು. ತರಗತಿಯಲ್ಲಿ ನಾವು ಮೂರು ಲಿಂಗ ಹೇಳಿಕೊಡುತ್ತೇವೆ. ನಪುಂಸಕಲಿಂಗಕ್ಕೆ ಉದಾಹರಣೆ ಕೊಡುವಾಗ ಕಲ್ಲು, ಮರ, ದನ ಅನ್ನುತ್ತೇವೆ. ಮಗು ಎಂಬುದೂ ಅಲ್ಲೇ ಬರುತ್ತದೆ. ಮಗು ಅಳುತ್ತದೆ, ಅಳುತ್ತಾನೆ ಅನ್ನುವುದಿಲ್ಲ. ಕನ್ನಡ ಆ ಕೂಸಿಗೆ ಒಂದಷ್ಟು ಕಾಲಾವಕಾಶ ಕೊಟ್ಟಿದೆ. ಅದೇ ಕೂಸು ಬೆಳೆದು ಗೌರವಸ್ಥರಾದ ಮೇಲೆ ಅವರು ಬಂದರು ಅನ್ನುತ್ತೇವೆ, ಅಲ್ಲೂ ಗಂಡು ಹೆಣ್ಣಿಲ್ಲ. ನಡುವೆ ಇದೆ ಗಂಟು. ಅವನೋ ಅವಳೋ ಅಂತ ತೀರ್ಮಾನವಾಗದವರನ್ನು ಅದು ಅಂದು ಕಲ್ಲಿನ ಪಕ್ಕಕ್ಕೆ ಕೂರಿಸಿಬಿಡುತ್ತೇವೆ. ಹೋಗೋ, ಬಾರೋ ಎಂಬ ಏಕವಚನದ ಏಟು ತಿಂದವರಿಗೆ ಸರ್ವನಾಮ ಎಂಥ ಚಾಟಿ ಅಂತ ಬಿಡಿಸಿ ಹೇಳಬೇಕಿಲ್ಲ.

ಸ್ಯಾಲಿ ಗ್ರಾಸ್ ಈ ಚಾಟಿಯನ್ನು ಅಕ್ಷರಶಃ ತಿಂದವರು. 1953ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಯಹೂದ್ಯರ ಮನೆಯಲ್ಲಿ ಹುಟ್ಟಿದರು. ಗಂಡು ಎಂದು ಬರೆಸಿದರು. ವರ್ಣಭೇದದ ವಿರುದ್ಧ ಹೋರಾಡಿ, ಎಎನ್‌ಸಿ ಸೇರಿ, ದೇಶ ಬಿಟ್ಟು ಹೋಗಬೇಕಾಯಿತು. ಕೆಥೊಲಿಕರಾಗಿ, ಇಂಗ್ಲೆಂಡಿನಲ್ಲಿ ಡೊಮಿನಿಕನ್ ಪಂಗಡದ ಸನ್ಯಾಸ ತೆಗೆದುಕೊಂಡು 1987ರಲ್ಲಿ ಪಾದ್ರಿಯಾದರು. ಬ್ರಹ್ಮಚಾರಿ, ವಿದ್ವಾಂಸ, ಮೇಷ್ಟ್ರು. 1990ರ ದಶಕದ ಮೊದಲಲ್ಲಿ ತಮ್ಮ ದೇಹ ಇಂಟರ್‌ಸೆಕ್ಸ್ ಎಂಬುದು ವೈದ್ಯರಿಂದ ಖಚಿತವಾಗಿ, ಹೆಣ್ಣಾಗಿ ಬಾಳಬೇಕೆಂದು ನಿರ್ಧರಿಸಿದಾಗ ಸಭೆ ಯಾಜಕ ಪದವಿಯನ್ನು ಕಿತ್ತುಕೊಂಡಿತು. ಗಂಡಲ್ಲದವರು ಪಾದ್ರಿಯಾಗುವಂತಿಲ್ಲವಲ್ಲ. ಅವರ ದೇಹ ಹುಟ್ಟಿದ ಹಾಗೇ ಇತ್ತು, ಪೂಜೆ ನಡೆಸುತ್ತಿದ್ದ ದೇಹವೂ ಅದೇ. ಬದಲಾದದ್ದು ಕಾಗದದ ಮೇಲಿನ ಒಂದು ಅಕ್ಷರ.

ಅದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ದೇವರು ಮನುಷ್ಯರನ್ನು ಗಂಡೂ ಹೆಣ್ಣೂ ಆಗಿ ಮಾಡಿದ ಅಂತ ಆದಿಕಾಂಡ ಹೇಳುತ್ತದೆ. ನೀವು ಖಚಿತವಾಗಿ ಗಂಡೂ ಅಲ್ಲ ಹೆಣ್ಣೂ ಅಲ್ಲ, ಆದ್ದರಿಂದ ಮನುಷ್ಯರೇ ಅಲ್ಲ, ನಿಮಗಾದ ದೀಕ್ಷಾಸ್ನಾನ ಊರ್ಜಿತವಲ್ಲ ಅಂತ ಗ್ರಾಸ್‌ಗೆ ವಾದಿಸಿದ ಕ್ರೈಸ್ತರಿದ್ದರು. ನಾಯಿಗೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ ಅಂತ. ಮುಟ್ಟಿದರೆ ಮೈಲಿಗೆ ಎಂಬುದು ಒಂದು ಮೆಟ್ಟಿಲು. ನೀನು ಮನುಷ್ಯನೇ ಅಲ್ಲ ಎಂಬುದು ಅದರ ಕೆಳಗಿನ ಮೆಟ್ಟಿಲು.

ಗ್ರಾಸ್ ಅವರ ಪ್ರಬಂಧ ಈ ವಾದಕ್ಕೆ ಉತ್ತರ. ಸಿಟ್ಟಿಲ್ಲದೆ, ವಕೀಲರ ಹಾಗೆ, ಎದುರಾಳಿಯ ಗ್ರಂಥದಿಂದಲೇ ಉತ್ತರ. ಹೀಬ್ರೂ ಮೂಲದಲ್ಲಿ ಆ ವಾಕ್ಯ ಮೊದಲು ಏಕವಚನದಲ್ಲಿ ಹೋಗಿ ಆಮೇಲೆ ಬಹುವಚನಕ್ಕೆ ತಿರುಗುತ್ತದೆ. ಮೊದಲ ಮನುಷ್ಯ ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಆಗಿದ್ದ ಅಂತ ಯಹೂದ್ಯರ ಹಳೆಯ ವ್ಯಾಖ್ಯಾನವೊಂದು ಹೇಳುತ್ತದೆ. ಯಹೂದ್ಯ ಧರ್ಮಶಾಸ್ತ್ರದಲ್ಲಿ ಎರಡೂ ಲಕ್ಷಣವಿದ್ದವರಿಗೆ ಒಂದು ಹೆಸರು, ಯಾವುದೂ ಕಾಣದವರಿಗೆ ಇನ್ನೊಂದು ಹೆಸರು, ಅವರವರ ಹಕ್ಕು ಬಾಧ್ಯತೆಗಳು ಇವೆ. ತಾಲ್ಮುದಿನ ಯೆವಮೋತ್ ಭಾಗದಲ್ಲಿ ಒಬ್ಬ ರಬ್ಬಿ ಮೂಲಪಿತೃ ಅಬ್ರಹಾಮ ಮತ್ತು ಸಾರಾ ಇಬ್ಬರೂ ಆ ಎರಡನೆಯ ಬಗೆಯವರು ಅಂತಲೇ ಹೇಳಿಬಿಡುತ್ತಾನೆ. ಅವರಿಗೆ ಅಷ್ಟು ವರ್ಷ ಮಕ್ಕಳಾಗದಿದ್ದುದಕ್ಕೆ ಅದು ಕಾರಣವಂತೆ. ಮೂರು ಧರ್ಮಗಳು ತಮ್ಮ ಮೂಲಪುರುಷ ಅನ್ನುವವನ ಬಗ್ಗೆ ಹೀಗೆ ಮಾತಾಡಲು ಆ ಹಳಬರಿಗೆ ಸಂಕೋಚವಿರಲಿಲ್ಲ. ಸಂಕೋಚ ನಮ್ಮ ಕಾಲದ ಮಡಿವಂತರದು.

ವರ್ಣಭೇದ ಮುಗಿದ ದಕ್ಷಿಣ ಆಫ್ರಿಕಕ್ಕೆ ಮರಳಿದ ಗ್ರಾಸ್, ಕಿತ್ತುಕೊಂಡ ಭೂಮಿಯನ್ನು ಜನಕ್ಕೆ ಹಿಂದಿರುಗಿಸುವ ಆಯೋಗದಲ್ಲಿ ಕೆಲಸ ಮಾಡಿದರು. ಇಂಟರ್‌ಸೆಕ್ಸ್ ಸೌತ್ ಆಫ್ರಿಕ ಎಂಬ ಸಂಘಟನೆ ಕಟ್ಟಿದರು. ಆ ದೇಶದ ಸಮಾನತೆ ಕಾಯಿದೆಯಲ್ಲಿ ಲಿಂಗ ಎಂಬ ಪದದ ವ್ಯಾಖ್ಯೆಯೊಳಗೆ ಇಂಟರ್‌ಸೆಕ್ಸ್ ಕೂಡ ಸೇರುತ್ತದೆ ಅಂತ 2005ರ ತಿದ್ದುಪಡಿಯಲ್ಲಿ ಬರೆಸಿದ್ದು ಅವರ ದುಡಿಮೆ. 2014ರಲ್ಲಿ ತೀರಿಕೊಂಡರು. ಭೂಮಿಯ ಹಕ್ಕು, ದೇಹದ ಹಕ್ಕು ಎರಡನ್ನೂ ಒಂದೇ ಬಾಳಿನಲ್ಲಿ ಹೊತ್ತವರು. ನಮ್ಮಲ್ಲಿ ಭೂಮಿಯ ಮಾತಾಡುವವರು ದೇಹದ ಮಾತನ್ನು ಪಟ್ಟಣದವರ ಗೀಳು ಅನ್ನುತ್ತಾರೆ. ಅವರು ಈಕೆಯ ಬಾಳನ್ನು ಓದಬೇಕು.

*

ಸಭೆಗಳು ಅಧಿಕೃತವಾಗಿ ಏನು ಹೇಳುತ್ತವೆ? ಐದನೇ ಶತಮಾನದ ಆಗಸ್ಟೀನ್ ತನ್ನ 'ದೇವರ ನಗರ'ದ 16ನೇ ಭಾಗದಲ್ಲಿ ಇಂಥ ದೇಹಗಳ ಪ್ರಸ್ತಾಪ ಮಾಡುತ್ತಾನೆ. ಅಪರೂಪ, ಆದರೆ ಯಾವ ಕಾಲದಲ್ಲೂ ಇದ್ದೇ ಇರುತ್ತಾರೆ, ಎಲ್ಲರೂ ಆದಾಮನ ಮಕ್ಕಳೇ ಅನ್ನುತ್ತಾನೆ. ಅವರನ್ನು ಕರೆಯುವಾಗ ಮಾತ್ರ ಮೇಲಾದ ಲಿಂಗದ ಹೆಸರಿನಿಂದ, ಅಂದರೆ ಗಂಡಾಗಿ, ಕರೆಯುವುದು ವಾಡಿಕೆ ಅಂತ ಸೇರಿಸುತ್ತಾನೆ. ಒಳಗೆ ಕರೆದು ಮೂಲೆ ತೋರಿಸುವುದು ಅಂದರೆ ಇದೇ. 1917ರ ಕೆಥೊಲಿಕ್ ಕಾನೂನು ಸಂಹಿತೆಯಲ್ಲಿ ಅಂಗವಿಕಲರಿಗೆ ಯಾಜಕರಾಗಲು ಅಡ್ಡಿಯಿತ್ತು. 1983ರ ಸಂಹಿತೆಯಲ್ಲಿ ಅದನ್ನು ಕೈಬಿಟ್ಟರು, ಗಂಡಸೇ ಆಗಿರಬೇಕು ಎಂಬುದನ್ನು ಬಿಡಲಿಲ್ಲ. 2017ರಲ್ಲಿ ಅಮೆರಿಕದ ಸಂಪ್ರದಾಯವಾದಿ ಸುವಾರ್ತಿಕರು ನ್ಯಾಶ್ವಿಲ್ ಹೇಳಿಕೆ ಹೊರಡಿಸಿದರು. ಇಂಟರ್‌ಸೆಕ್ಸ್ ದೇಹದವರೂ ದೇವರ ಸ್ವರೂಪವೇ, ಅವರಿಗೂ ಸಮಾನ ಘನತೆ ಇದೆ ಅಂತ ಅದರ 6ನೇ ಕಲಮು ಆರಂಭವಾಗುತ್ತದೆ, ಗೊತ್ತಾದಷ್ಟರ ಮಟ್ಟಿಗೆ ಒಂದು ಲಿಂಗವನ್ನು ಅಪ್ಪಿಕೊಳ್ಳಬೇಕು ಅಂತ ಮುಗಿಯುತ್ತದೆ. 2019ರ ವ್ಯಾಟಿಕನ್ ಶಿಕ್ಷಣ ವಿಭಾಗದ ದಸ್ತಾವೇಜು ಲಿಂಗ ಸ್ಪಷ್ಟವಿಲ್ಲದಿದ್ದರೆ ವೈದ್ಯರು ನೋಡಿಕೊಳ್ಳಲಿ ಅನ್ನುತ್ತದೆ. 2024ರ ದಸ್ತಾವೇಜು ಹುಟ್ಟಿನ ಅಂಗ ವ್ಯತ್ಯಾಸ ಇದ್ದವರು ಬೇಕಾದರೆ ವೈದ್ಯರ ನೆರವು ಪಡೆಯಬಹುದು ಅನ್ನುತ್ತದೆ. ಎಲ್ಲದರಲ್ಲೂ ಘನತೆ ಎಂಬ ಪದ ಇದೆ. ಆ ಪದದ ಹಿಂದೆಯೇ ರೋಗ ಎಂಬ ಭಾವವೂ ಇದೆ. ಗಾಂಧೀಜಿ ನಮಗೆ ಹರಿಜನ ಅಂತ ಹೆಸರಿಟ್ಟರು. 2015ರ ಕೊನೆಯಲ್ಲಿ ಪ್ರಧಾನಿಯವರು ಅಂಗವಿಕಲರಿಗೆ ದಿವ್ಯಾಂಗ ಅಂತ ಹೆಸರಿಟ್ಟರು. ಹೆಸರಿನಲ್ಲಿ ದೇವರನ್ನು ಕೂರಿಸಿ ಮೆಟ್ಟಿಲನ್ನು ಹಾಗೇ ಉಳಿಸುವ ಜಾಣತನ ಯಾವ ಒಂದು ಧರ್ಮದ ಸ್ವತ್ತೂ ಅಲ್ಲ.

ವೈದ್ಯರು ನೋಡಿಕೊಳ್ಳಲಿ ಅನ್ನುವುದು ಸುಲಭ. ವೈದ್ಯರು ನೋಡಿಕೊಂಡದ್ದು ಹೇಗೆ? 1950ರ ದಶಕದಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಒಂದು ಪದ್ಧತಿ ರೂಪುಗೊಂಡಿತು. ಕೂಸಿಗೆ ತಿಳಿವಳಿಕೆ ಬರುವ ಮುಂಚೆಯೇ ಕೊಯ್ದು ಒಂದು ಲಿಂಗಕ್ಕೆ ಒಗ್ಗಿಸಬೇಕು, ಆ ವಿಷಯವನ್ನು ಗುಟ್ಟಾಗಿ ಇಡಬೇಕು. ಪ್ರಪಂಚದ ತುಂಬ ಆ ಪದ್ಧತಿ ಹರಡಿತು. ಹೀಗೆ ಕೊಯ್ಸಿಕೊಂಡ ಮಕ್ಕಳು ಬೆಳೆದು 1993ರಲ್ಲಿ ಸಂಘಟನೆ ಕಟ್ಟಿದರು, 1996ರಲ್ಲಿ ಬಾಸ್ಟನ್ನಿನಲ್ಲಿ ಮಕ್ಕಳ ವೈದ್ಯರ ಸಮ್ಮೇಳನದ ಎದುರು ನಿಂತು ಘೋಷಣೆ ಕೂಗಿದರು. ನಮ್ಮ ದೇಹ ಆರೋಗ್ಯವಾಗಿತ್ತು, ನೋವು ಕೊಟ್ಟದ್ದು ನಿಮ್ಮ ಚಿಕಿತ್ಸೆ ಎಂಬುದು ಅವರ ಅಹವಾಲು. ಇಲ್ಲಿ ಈಸ್‌ಲಂಡ್ ಅವರ ಗಾಯದ ಚಿತ್ರ ಮತ್ತೆ ಉಪಯೋಗಕ್ಕೆ ಬರುತ್ತದೆ, ಬೇರೆ ರೀತಿಯಲ್ಲಿ. ಇಂಟರ್‌ಸೆಕ್ಸ್ ದೇಹ ಗಾಯವಲ್ಲ. ಅದರ ಮೇಲಿನ ಕತ್ತರಿಯ ಗುರುತು ಗಾಯ. ಅದಕ್ಕೆ ಅಪರಾಧಿ ಇದ್ದಾನೆ, ವಿಳಾಸವೂ ಇದೆ.

ಕಾರ್ನ್‌ವಾಲ್ ತಮ್ಮ ಪುಸ್ತಕದಲ್ಲಿ ಅಂಗವಿಕಲರ ದೇವಶಾಸ್ತ್ರದಿಂದ ಇಂಟರ್‌ಸೆಕ್ಸ್ ಜನ ಕಲಿಯಬಹುದಾದ್ದನ್ನು ಹುಡುಕುತ್ತಾರೆ. ಒಳ್ಳೆಯ ಕೆಲಸ. ಯೇಸು ತನ್ನನ್ನು ತಾನು ಬರಿದು ಮಾಡಿಕೊಂಡ ಎಂಬ ಹಳೆಯ ತತ್ವವನ್ನು ಹಿಡಿದು, ಇಲ್ಲಿ ಬರಿದು ಮಾಡಿಕೊಳ್ಳಬೇಕಾದವರು ಇಂಟರ್‌ಸೆಕ್ಸ್ ಜನರಲ್ಲ, ತಾವು ಖಚಿತ ಗಂಡು, ಖಚಿತ ಹೆಣ್ಣು ಅಂತ ಬೀಗುವವರು ಎಂದು ತಿರುಗಿಸುತ್ತಾರೆ. ತ್ಯಾಗದ ಉಪದೇಶವನ್ನು ಯಾವಾಗಲೂ ಕೆಳಗಿದ್ದವರಿಗೇ ಮಾಡುವ ಚಾಳಿಗೆ ಇದು ಸರಿಯಾದ ಪೆಟ್ಟು. ಇಂಗ್ಲೆಂಡಿನ ಸಭೆಯಲ್ಲಿ ಹೆಂಗಸರು ಬಿಷಪ್ ಆಗಬಹುದೇ ಎಂಬ ಜಗಳ ನಡೆಯುತ್ತಿದ್ದಾಗ ಅವರು 2012ರಲ್ಲಿ ಇನ್ನೂ ಮುಂದೆ ಹೋದರು. ಯೇಸುವಿನ ವರ್ಣತಂತುವನ್ನು ಯಾರೂ ಪರೀಕ್ಷೆ ಮಾಡಿಲ್ಲ, ಅವನು ಗಂಡು ಎಂಬುದೂ ನಮ್ಮ ಅಂದಾಜೇ, ಆ ಅಂದಾಜಿನ ಮೇಲೆ ಪೀಠದ ಹಕ್ಕನ್ನು ಕಟ್ಟಬೇಡಿ ಎಂಬುದು ಅವರ ವಾದ. ಪತ್ರಿಕೆಗಳು ಬೊಬ್ಬೆ ಹಾಕಿದವು. ವಾದ ಗಟ್ಟಿಯೇ ಇದೆ. ಪುಸ್ತಕದ ಭಾಷೆ ಮಾತ್ರ ವಿಚಾರಸಂಕಿರಣದ ಭಾಷೆ. ಯಾರ ದೇಹದ ಬಗ್ಗೆ ಬರೆದಿದೆಯೋ ಅವರು ಬಿಡುವಿಲ್ಲದೆ ನಿಘಂಟು ತೆಗೆಯಬೇಕು. ಆಮೇಲೆ ಅವರು ಬ್ರಿಟನ್ನಿನ ಇಂಟರ್‌ಸೆಕ್ಸ್ ಕ್ರೈಸ್ತರನ್ನು ಮಾತಾಡಿಸಿ ಬರೆದ ಲೇಖನಗಳಲ್ಲಿ ಉಸಿರು ಹೆಚ್ಚು.

ಡಿಫ್ರಾಂಜಾ ಸುವಾರ್ತಿಕರ ಒಳಗಿನಿಂದಲೇ ಬರೆಯುತ್ತಾರೆ, ಅದಕ್ಕೇ ಅವರ ಧೈರ್ಯಕ್ಕೆ ಬೆಲೆ. ಆದಾಮ, ಹವ್ವ ಕತೆಯ ಆರಂಭ, ಎಲ್ಲರೂ ಹಾಗೇ ಇರಬೇಕೆಂಬ ಅಚ್ಚಲ್ಲ ಎಂಬ ಅವರ ಮಾತು ಸರಳವಾಗಿದೆ, ನಿಲ್ಲುತ್ತದೆ. ಅವರ ದೊಡ್ಡ ಆಧಾರ ಮತ್ತಾಯನ 19ನೇ ಅಧ್ಯಾಯದ 12ನೇ ವಚನ. ತಾಯಿಯ ಹೊಟ್ಟೆಯಿಂದಲೇ ಹಾಗೆ ಹುಟ್ಟಿದ ನಪುಂಸಕರು, ಜನರು ಹಾಗೆ ಮಾಡಿದವರು, ತಾವೇ ಹಾಗೆ ಮಾಡಿಕೊಂಡವರು ಅಂತ ಯೇಸು ಮೂರು ಬಗೆ ಹೇಳುತ್ತಾನೆ. ಮೊದಲನೆಯವರು ಇಂಟರ್‌ಸೆಕ್ಸ್ ಜನರೇ ಎಂಬುದು ಅವರ ಓದು. ಇದ್ದೀತು. ನನ್ನ ತಕರಾರು ಎರಡನೆಯ ಬಗೆಯವರ ಬಗ್ಗೆ. ಜನರು ಮಾಡಿದ ನಪುಂಸಕ ಅಂದರೆ ಯಾರು? ಹೆಚ್ಚಿನ ಪಾಲು ಗುಲಾಮ. ಚಿಕ್ಕವನಿದ್ದಾಗ ಬೀಜ ಒಡೆದು, ಸಂತೆಯಲ್ಲಿ ಮಾರಿ, ಅಂತಃಪುರ ಕಾಯಲೋ ಖಜಾನೆ ಕಾಯಲೋ ಇಟ್ಟವನು. ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಅವನನ್ನು ದೇವರ ಸಭೆಗೆ ಸೇರಿಸಬೇಡಿ ಅನ್ನುತ್ತದೆ, ಒಡೆದವನನ್ನು ಸೇರಿಸಬೇಡಿ ಅನ್ನುವುದಿಲ್ಲ. ಯೆಶಾಯನ 56ನೇ ಅಧ್ಯಾಯ ಬಂದು ಆ ಬಾಗಿಲನ್ನು ತೆರೆಯುತ್ತದೆ, ಮಕ್ಕಳಿಗಿಂತ ಮೇಲಾದ ಹೆಸರು ಕೊಡುತ್ತೇನೆ ಅಂತ ದೇವರ ಬಾಯಲ್ಲಿ ಹೇಳಿಸುತ್ತದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ರಾಣಿಯ ಖಜಾಂಚಿ ರಥದಲ್ಲಿ ಕೂತು ಅದೇ ಯೆಶಾಯನನ್ನು ಓದುತ್ತಿರುತ್ತಾನೆ. ನೀರು ಕಂಡ ಕೂಡಲೇ ನನಗೆ ದೀಕ್ಷಾಸ್ನಾನ ಮಾಡಿಸಲು ಅಡ್ಡಿ ಏನು ಅಂತ ಕೇಳುತ್ತಾನೆ. ಬಾಗಿಲಲ್ಲಿ ನಿಲ್ಲಿಸಿಕೊಂಡು ಅಭ್ಯಾಸವಾದ ಮನುಷ್ಯ ಕೇಳುವ ಪ್ರಶ್ನೆ ಅದು. ಈ ಖಜಾಂಚಿಯ ಲಿಂಗದ ಬಗ್ಗೆ ಪುಟಗಟ್ಟಲೆ ಬರೆಯುವ ದೇವಶಾಸ್ತ್ರ, ಅವನನ್ನು ಆ ಸ್ಥಿತಿಗೆ ತಂದ ಕತ್ತಿ ಯಾರ ಕೈಯಲ್ಲಿತ್ತು ಅಂತ ಕೇಳುವುದು ಕಡಿಮೆ. ಗುಲಾಮಗಿರಿಯನ್ನು ಬಿಟ್ಟು ನಪುಂಸಕತನವನ್ನು ಓದುವುದು ಜಾತಿಯನ್ನು ಬಿಟ್ಟು ಜಾಡಮಾಲಿಯನ್ನು ಓದಿದ ಹಾಗೆ.

*

ಇಲ್ಲಿ ನಮ್ಮ ಊರಿನ ಒಂದು ಸಂಗತಿ ಬರಬೇಕು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಎರಡು ವರ್ಷ ಕಳೆದು, 1981ರಲ್ಲಿ, ಅದೇ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎಂಬ ಅಧ್ಯಾಪಕರು ಶೂದ್ರ ದೇವಶಾಸ್ತ್ರದ ಕಡೆಗೆ ಹೋಗಬೇಕು ಅಂತ ಒಂದು ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರದ ಬೇರು ಅಲ್ಲಿದೆ. ಮೇಲ್ಜಾತಿಯಿಂದ ಬಂದ ಕ್ರೈಸ್ತ ಪಂಡಿತರು ವೇದಾಂತಕ್ಕೂ ಕ್ರಿಸ್ತನಿಗೂ ಗಂಟು ಹಾಕುತ್ತ ಕೂತಿದ್ದಾಗ, ಇಲ್ಲಿನ ಕ್ರೈಸ್ತರಲ್ಲಿ ಬಹುಪಾಲು ದಲಿತರು, ಅವರ ನೋವಿನಿಂದ ದೇವಶಾಸ್ತ್ರ ಹುಟ್ಟಬೇಕು ಅಂತ ನಿರ್ಮಲ್ ಹೇಳಿದರು. ಯೇಸುವೇ ದಲಿತ ಅಂದರು. ನೋವು ಮೊದಲು, ತಿಳಿವಳಿಕೆ ಆಮೇಲೆ. ಈಸ್‌ಲಂಡ್ ಇದನ್ನೇ ಹದಿಮೂರು ವರ್ಷ ಆದ ಮೇಲೆ ಇನ್ನೊಂದು ಖಂಡದಲ್ಲಿ ಊರುಗೋಲು ಹಿಡಿದು ಹೇಳಿದರು.

ಆದರೆ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಬೇಕಾಗಿದೆ. ನೋವೇ ಬಾಗಿಲಾದರೆ ಯಾರ ನೋವು? ದಲಿತ ದೇವಶಾಸ್ತ್ರದ ಮೊದಲ ದಶಕದ ಬರಹಗಳಲ್ಲಿ ಕಾಣುವ ದಲಿತ ದೇಹ ದುಡಿಯುವ ಗಟ್ಟಿಮುಟ್ಟಾದ ಗಂಡಸಿನ ದೇಹ. ಹೆಂಗಸರು ಅದನ್ನು ಆಗಲೇ ಕೇಳಿದ್ದಾರೆ. ಕೇರಿಯಲ್ಲಿ ಪೋಲಿಯೊ ಕಾಲಿನ ಹುಡುಗಿ, ಗಂಡೋ ಹೆಣ್ಣೋ ಅಂತ ಸೂಲಗಿತ್ತಿ ಹೇಳಲಾರದೆ ಹೋದ ಕೂಸು ಅದರಲ್ಲಿ ಎಲ್ಲಿ? ಹಾಗೇ ಈಸ್‌ಲಂಡ್, ಕಾರ್ನ್‌ವಾಲ್ ಪುಸ್ತಕಗಳಲ್ಲಿ ಹಸಿವು ಎಲ್ಲಿ? ಅಮೆರಿಕದ ಕೂಸನ್ನು ಬೇಡದ ಶಸ್ತ್ರಚಿಕಿತ್ಸೆಯಿಂದ ಉಳಿಸಬೇಕು, ನಿಜ. ಹುಟ್ಟಿನಲ್ಲೇ ಅಡ್ರಿನಲ್ ಗ್ರಂಥಿಯ ತೊಂದರೆ ಇರುವ ಒಂದು ಬಗೆಯ ಇಂಟರ್‌ಸೆಕ್ಸ್ ಕೂಸಿಗೆ ಮೊದಲ ವಾರಗಳಲ್ಲೇ ಉಪ್ಪಿನ ಅಂಶ ಇಳಿದು ಜೀವ ಹೋಗಬಹುದು. ಬೇಕಾದದ್ದು ಅಗ್ಗದ ಮಾತ್ರೆ ಮತ್ತು ಗುರುತು ಹಿಡಿಯುವ ವೈದ್ಯರು. ಕೇರಿಯ ಕೂಸಿಗೆ ಕತ್ತರಿಯೂ ಸಿಗುವುದಿಲ್ಲ, ಮಾತ್ರೆಯೂ ಸಿಗುವುದಿಲ್ಲ. ಬೇಡದ ಚಿಕಿತ್ಸೆ, ಸಿಗದ ಚಿಕಿತ್ಸೆ ಎರಡನ್ನೂ ಒಟ್ಟಿಗೆ ಹಿಡಿಯುವ ದೇವಶಾಸ್ತ್ರ ಈ ನಾಲ್ಕು ಬರಹಗಳಲ್ಲಿ ನನಗೆ ಕಾಣಲಿಲ್ಲ.

ಕಾನೂನು ಒಂದು ಹೆಜ್ಜೆ ಮುಂದಿದೆ. 2015ರಲ್ಲಿ, ಕೆಥೊಲಿಕರೇ ಹೆಚ್ಚಿರುವ ಮಾಲ್ಟಾ ದೇಶ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಇಂಥ ಕೊಯ್ತ ಮಾಡಕೂಡದು ಅಂತ ಕಾಯಿದೆ ಮಾಡಿತು. 2019ರ ಏಪ್ರಿಲಿನಲ್ಲಿ ಮದ್ರಾಸ್ ಹೈಕೋರ್ಟು ಅದೇ ಮಾತು ಹೇಳಿತು, ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ ಆದೇಶ ಹೊರಡಿಸಿತು. ಜೀವಕ್ಕೆ ಅಪಾಯವಿದ್ದರೆ ಮಾತ್ರ ವಿನಾಯಿತಿ.

ಈ ಬರಹಗಳನ್ನು ಕನ್ನಡಕ್ಕೆ ತರಲು ಗೆಳೆಯರು ಯಾರಾದರೂ ಕೈಹಾಕಿದರೆ ಮೊದಲು ಗ್ರಾಸ್ ಅವರ ಪ್ರಬಂಧ ತರಲಿ. ಚಿಕ್ಕದು, ಅಧ್ಯಯನ ಶಿಬಿರದಲ್ಲಿ ಒಂದು ಸಂಜೆ ಕೂತು ಓದಬಹುದು. ಆಮೇಲೆ ಈಸ್‌ಲಂಡ್ ಪುಸ್ತಕದಲ್ಲಿ ಕರ್ತನ ಭೋಜನದ ಭಾಗ. ಅನುವಾದ ಮಾಡುವಾಗ ಒಂದೇ ಒಂದು ಬಿನ್ನಹ. ಮೂಲದಲ್ಲಿ ಆ ಜನ ತಮ್ಮನ್ನು ತಾವು ಏನಂತ ಕರೆದುಕೊಂಡಿದ್ದಾರೋ ಅದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಅವನು, ಅವಳು, ಅದು ಮೂರನ್ನೂ ಬಿಟ್ಟು ಅವರು ಅಂತ ಹಾಕಿ. ಕ್ರಿಯಾಪದ ತಾನಾಗಿ ಸರಿಹೋಗುತ್ತದೆ.